ಒಂದು ಮೈಕಿನ ಅಕ್ಕ-ತಂಗಿ

ಜನವರಿ 9, ಗುರುವಾರ

ಇವತ್ತು ಬಸ್ಸಿನಲ್ಲಿ ನಮ್ಮ ಹಾಡು ಕೇಳಿದೆ. ಮುಂದಿನ ಸೀಟಿನ ಹುಡುಗಿ ಫೋನಿನಲ್ಲಿ ಹಾಕಿಕೊಂಡು ತಲೆದೂಗುತ್ತಿದ್ದಳು. ಡ್ರೈವರ್ ಕೂಡ ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿದ್ದ. ಇಡೀ ಬಸ್ಸಿಗೆ ನಾದಿನಿ ಗುಬ್ಬಿಯ ದನಿ ತುಂಬಿತ್ತು. ನಾನು ಕಿವಿ ನಿಮಿರಿಸಿ ಕೂತು ನನ್ನ ದನಿ ಹುಡುಕಿದೆ. ಪಲ್ಲವಿಯ ಕೊನೆಯಲ್ಲಿ ಒಂದು 'ಹೂಂ' ಅನ್ನುವಂಥದ್ದು ಕೇಳಿಸಿತು. ಅದು ನಾನೋ ಬಸ್ಸಿನ ಗೇರೋ ಗೊತ್ತಾಗಲಿಲ್ಲ.

ಬರೆಯಲು ಕೂತದ್ದು ಅದಕ್ಕೇ. ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಇರುವುದು ಇಬ್ಬರು: ಒಬ್ಬರು ಗಂಡ, ಇನ್ನೊಬ್ಬಳು ಗಂಡನ ತಂಗಿ. ಗುಬ್ಬಿಯ ಮೇಲಿನ ದೂರನ್ನು ಗುಬ್ಬಿಯ ಅಣ್ಣನ ಮುಂದೆ ಇಡುವಷ್ಟು ದಡ್ಡಿ ನಾನಲ್ಲ. ನಾನು ಈ ಮನೆಗೆ ಬಂದಾಗ ಅವಳು ಎರಡು ಜಡೆಯ ಸ್ಕೂಲು ಹುಡುಗಿ. ಅತ್ತೆ ತೀರಿಕೊಂಡ ಮೇಲೆ ಅವಳಿಗೆ ತಲೆ ಬಾಚಿದ್ದು, ಡಬ್ಬಿ ಕಟ್ಟಿದ್ದು, ಪರೀಕ್ಷೆಗೆ ಎಬ್ಬಿಸಿ ಕೂರಿಸಿದ್ದು ಎಲ್ಲ ನಾನೇ. ಪಾತ್ರೆ ತೊಳೆಯುತ್ತಾ ನಾನು ಹಾಡಿದರೆ, ಒರೆಸುತ್ತಾ ಅವಳು ಮೇಲಿನ ಸ್ವರ ಹಿಡಿಯುತ್ತಿದ್ದಳು. ಶುರುವಾದದ್ದು ಹಾಗೆ. ಈಗ ಅವಳು ಗಾಯಕಿ, ನಾನು ಬಸ್ಸಿನ ಗೇರು.

ತಪ್ಪು ಯಾರದು ಅಂದರೆ ಮೈಕಿನದು. ಸ್ಟುಡಿಯೋ ಅಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ, ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದಿದ್ದಾರೆ. ಒಳ್ಳೆಯ ಮೈಕು ಒಂದೇ ಇರುವುದು. ಇನ್ನೊಂದು ಕಾದ ಎಣ್ಣೆಯ ಹಾಗೆ ಚೊರ್ ಅನ್ನುತ್ತದೆ. ಹಾಗಾಗಿ ಇಬ್ಬರೂ ಒಂದೇ ಮೈಕಿಗೆ ಹಾಡಬೇಕು. ಯಾರು ಎಷ್ಟು ದೂರ ನಿಲ್ಲಬೇಕು ಅಂತ ಸ್ಟುಡಿಯೋದವರು ನೆಲಕ್ಕೆ ಟೇಪು ಅಂಟಿಸುತ್ತಾರೆ, ನನಗೊಂದು, ಅವಳಿಗೊಂದು. ಒಟ್ಟಿಗೆ ಹಾಡಿ ಮುಗಿಸಿದ ಮೇಲೆ ಒಬ್ಬರ ದನಿ ಏರಿಸಿ ಇನ್ನೊಬ್ಬರದನ್ನು ಇಳಿಸಲು ಬರುವುದಿಲ್ಲವಂತೆ. ಗುಬ್ಬಿಯದು ಎಲ್ಲಿ ನಿಂತರೂ ನುಗ್ಗುವ ದನಿ. ನನ್ನದು ದಪ್ಪ ದನಿ, ನೆಲದ ಮೇಲೇ ಓಡಾಡುತ್ತದೆ.

ಇನ್ನು ಮ್ಯಾನೇಜರ ಕಥೆ. ಮೊನ್ನೆಯವರೆಗೆ ಕುರ್ಚಿ, ಸ್ಪೀಕರ್ ಬಾಡಿಗೆಗೆ ಕೊಡುತ್ತಿದ್ದವರು ಹಾಡು ಓಡಿದ ಮೇಲೆ ಮ್ಯಾನೇಜರಾಗಿದ್ದಾರೆ. ನಮ್ಮ ಜೋಡಿಗೆ 'ಅಕ್ಕ-ತಂಗಿ' ಅಂತ ಹೆಸರಿಟ್ಟಿದ್ದಾರೆ. ನಾವು ಅತ್ತಿಗೆ-ನಾದಿನಿ ಅಲ್ಲವೇ ಅಂದರೆ, "ಅತ್ತಿಗೆ ನಾದಿನಿ ಅಂದ್ರೆ ಜನ ಜಗಳ ಯಾವಾಗ ಅಂತ ಕಾಯ್ತಾರೆ. ಅಕ್ಕ ತಂಗಿ ಅಂದ್ರೆ ಕರ್ಚೀಫ್ ತೆಗೀತಾರೆ," ಅಂದರು. ಆದ್ದರಿಂದ ಗುಬ್ಬಿ ಹೊರಗೆ ನನ್ನನ್ನು ಅಕ್ಕ ಅನ್ನಬೇಕು. ತಾವು ಬ್ರೆಡ್ಡು ಹಂಚುವ ವ್ಯಾನಿನಲ್ಲೇ ನಮ್ಮನ್ನು ಕರೆದೊಯ್ಯುವ ಇವರನ್ನು, ಅಂದರೆ ಅವಳ ಸ್ವಂತ ಅಣ್ಣನನ್ನು, ಭಾವ ಅನ್ನಬೇಕು. ಒಡಹುಟ್ಟಿದವಳ ಬಾಯಲ್ಲಿ ಭಾವ ಅನ್ನಿಸಿಕೊಳ್ಳುವ ಯೋಗ ಯಾರಿಗುಂಟು ಅಂತ ಇವರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಒಂದು ಮಾತಿಗೆ ಮಾತ್ರ ಸುಮ್ಮನಾದೆ. ಎರಡನೆಯ ಹಾಡಿನಲ್ಲಿ ಎರಡನೆಯ ಚರಣ ಪೂರ್ತಿ ನನ್ನದು, ಗುಬ್ಬಿ ಹಿಂದೆ ಗುನುಗುವುದು ಮಾತ್ರ. ಮ್ಯಾನೇಜರು ಎಲ್ಲರ ಮುಂದೆ ಮಾತು ಕೊಟ್ಟಿದ್ದಾರೆ. ಆ ಒಂದು ಚರಣ ನನ್ನ ಹೆಸರಿಗೆ ಉಳಿದರೆ ಸಾಕು, ಮಿಕ್ಕಿದ್ದೆಲ್ಲ ಅವಳೇ ಹಾಡಿಕೊಳ್ಳಲಿ.

ಜನವರಿ 19, ಭಾನುವಾರ

ಸೋಫಾ ಅಂಗಡಿಯ ಉದ್ಘಾಟನೆ. ಮಂಚಗಳ ನಡುವೆ ನಿಂತು ಹಾಡಿದೆವು. ಮೂರು ಸಲ ಅದೇ ಹಾಡು, ಇರುವುದೇ ಒಂದು ಹಾಡಲ್ಲವೇ.

ಮುಗಿದ ಮೇಲೆ ಜನ ಗುಬ್ಬಿಯನ್ನು ಮುತ್ತಿಕೊಂಡರು. ಒಬ್ಬಾಕೆ ಸೀದಾ ನನ್ನ ಕಡೆಗೇ ನಗುತ್ತಾ ಬಂದಳು. ಅಬ್ಬ, ನನ್ನನ್ನೂ ಗುರುತಿಸಿದಳು ಅಂದುಕೊಂಡು ಕೂದಲು ಸರಿಮಾಡಿಕೊಂಡೆ. ಅವಳು ತನ್ನ ಫೋನನ್ನು ನನ್ನ ಕೈಗಿಟ್ಟು, ಗುಬ್ಬಿಯ ಜೊತೆ ತನ್ನದೊಂದು ಫೋಟೋ ತೆಗೆದುಕೊಡಿ ಅಂದಳು. ತೆಗೆದೆ. ಕಣ್ಣು ಮುಚ್ಚಿದ್ದೀನಿ, ಇನ್ನೊಂದು ತೆಗೀರಿ ಅಂದಳು. ಅದನ್ನೂ ತೆಗೆದೆ.

ಅಂಗಡಿಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾಚಿಕೆಯಾಗುತ್ತದೆ ಬರೆಯಲು, ಆದರೆ ಅತ್ತೆ. ಹೊರಗೆ ಬಂದರೆ ಗುಬ್ಬಿ ಬಾಗಿಲಲ್ಲೇ ನಿಂತಿದ್ದಳು. ಏನಾಯಿತು ಅಂತ ಕೇಳಿದಳು. ತಡೆಯಲಾಗಲಿಲ್ಲ. "ನಿನ್ನ ಪಕ್ಕ ಹಾಡೋದೂ ಒಂದೇ, ಮೈಕ್ ಸ್ಟ್ಯಾಂಡ್ ಥರ ನಿಲ್ಲೋದೂ ಒಂದೇ ಕಣೇ," ಅಂದೆ. ವ್ಯಾನಿನಲ್ಲಿ ಬರುವಾಗ ಅವಳು ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಹೆಸರು ಬಂದ ಮೇಲೆ ಜಂಭ ಬರುವುದು ಸಹಜ.

ಫೆಬ್ರವರಿ 4, ಮಂಗಳವಾರ

ಎರಡನೆಯ ಹಾಡಿನ ಅಭ್ಯಾಸ. ಇವಳಿಗೆ ಏನಾಗಿದೆಯೋ ಗೊತ್ತಿಲ್ಲ. ಸ್ಟುಡಿಯೋದವರು ಅಳೆದು ತೂಗಿ ಟೇಪು ಅಂಟಿಸಿದರೆ, ಮಹಾರಾಣಿ ಅದರ ಮೇಲೆ ನಿಲ್ಲುವುದೇ ಇಲ್ಲ. ಒಂದು ಹೆಜ್ಜೆ ಹಿಂದೆ, ಒಮ್ಮೊಮ್ಮೆ ಎರಡು. ಅರ್ಧ ದನಿಯಲ್ಲಿ ಹಾಡುತ್ತಾಳೆ. ಟೇಪು ಯಾಕಿದೆ, ಶೋಕಿಗಾ ಅಂತ ಕೇಳಿದೆ. ಗಂಟಲು ಸರಿಯಿಲ್ಲವಂತೆ. ಸ್ಟುಡಿಯೋದವರಾದರೂ ಬೈಯಬಾರದೇ, ಹೆಡ್‌ಫೋನ್ ಹಾಕಿಕೊಂಡು ಅವಳನ್ನೊಮ್ಮೆ ನೋಡಿ ಸುಮ್ಮನಾದರು.

ಕೆಲಸದಲ್ಲಿ ಶ್ರದ್ಧೆಯಿಲ್ಲದವರನ್ನು ಕಂಡರೆ ನನಗಾಗುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ಪ್ಯಾಂಟಿನ ತುದಿ ಮಡಿಸಿ ಹೊಲಿದು, ಬೆನ್ನು ಮುರಿದುಕೊಂಡು ಅಲ್ಲಿಗೆ ಹೋಗುವವಳು ನಾನು. ಇವಳು ಮನೆಯಲ್ಲಿ ಮಲಗಿ ಎದ್ದು ಬಂದು ಅರ್ಧ ದನಿಯಲ್ಲಿ ಹಾಡುವುದು. ದಾರಿಯುದ್ದಕ್ಕೂ ಬೈದೆ. ಹೂಂ ಅತ್ತಿಗೆ, ಆಯ್ತು ಅತ್ತಿಗೆ ಅಂದಳು. ಅತ್ತಿಗೆ ಅಲ್ಲ, ಅಕ್ಕ ಅನ್ನು, ಅಭ್ಯಾಸ ಆಗಲಿ ಅಂದರೆ ಹತ್ತು ಹೆಜ್ಜೆಗೆ ಮತ್ತೆ ಅತ್ತಿಗೆ. ನಾಯಿ ಬಾಲ ಡೊಂಕು.

ಮನೆಗೆ ಬಂದು ಉಪ್ಪು ನೀರು ಕಾಯಿಸಿ ಬಾಯಿ ಮುಕ್ಕಳಿಸಲು ಕೊಟ್ಟೆ. ಮುಕ್ಕಳಿಸಿ ಸ್ನಾನಕ್ಕೆ ಹೋದವಳು ಒಳಗಿನಿಂದ ಚಾವಣಿ ಹಾರುವ ಹಾಗೆ ಹಾಡತೊಡಗಿದಳು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಗಂಟಲು ಸರಿಯಿಲ್ಲವಂತೆ, ಗಂಟಲು.

ಫೆಬ್ರವರಿ 6, ಗುರುವಾರ

ಅಂಗಡಿಯಲ್ಲಿ ಸಮವಸ್ತ್ರದ ರಾಶಿ. ಇವತ್ತೂ ಅಭ್ಯಾಸ, ಇವತ್ತೂ ಹಿಂದೆ ನಿಂತಳು. ಬೈಯಲೂ ಬೇಜಾರು.

ಫೆಬ್ರವರಿ 16, ಭಾನುವಾರ

ಚರಣ ಆಯಿತು.

ಕೆಳಗೆ ಸೈಕಲ್ ಅಂಗಡಿಗೆ ರಜೆ, ಸದ್ದಿಲ್ಲ. ಮೂರನೆಯ ಸಲಕ್ಕೆ ನನಗೇ ಗೊತ್ತಾಯಿತು, ಇದು ಕೂತಿತು ಅಂತ. ಉಸಿರು ಎಲ್ಲಿ ಬೇಕೋ ಅಲ್ಲಿ ಸಿಕ್ಕಿತು. 'ದೀಪ ಆರಿಸಬೇಡ, ನಾನಿನ್ನೂ ದಾರಿಯಲ್ಲಿದ್ದೇನೆ' ಅನ್ನುವ ಸಾಲನ್ನು ಇಷ್ಟು ದಿನ ಹೇಗೆ ಹಾಡಬೇಕು ಅಂತ ತಿಳಿಯುತ್ತಿರಲಿಲ್ಲ. ಇವತ್ತು ಸುಮ್ಮನೆ ಬಾಯಿ ಬಿಟ್ಟೆ, ಬಂತು. ಸ್ಟುಡಿಯೋದವರು ಹೆಡ್‌ಫೋನ್ ತೆಗೆದು ಕೆಳಗಿಟ್ಟರು. ಆಮೇಲೆ ಸ್ಪೀಕರಿನಲ್ಲಿ ಹಾಕಿದರು. ನನ್ನ ದನಿ. ಬೇರೆ ಯಾರದ್ದೂ ಅಲ್ಲ. ಗುಬ್ಬಿ ಎಲ್ಲೋ ಪಕ್ಕದ ಬೀದಿಯಲ್ಲಿ ಗುನುಗಿದ ಹಾಗಿದ್ದಳು.

ಅವಳು ಬಾಗಿಲಿಗೆ ಒರಗಿಕೊಂಡು ಹಾಡಿದ್ದಳು, ಅಷ್ಟು ಸೋಮಾರಿತನ. ಇವತ್ತು ಬೈಯಲಿಲ್ಲ. ಖುಷಿಯಲ್ಲಿದ್ದೆ, ಬಿಟ್ಟುಬಿಟ್ಟೆ. ಬರುವಾಗ ಅವಳಿಗೆ ಹೊಸ ಕ್ಲಿಪ್ಪು ಕೊಡಿಸಿದೆ. ಹಾಳಾಗಲಿ, ಮಗು.

ಫೆಬ್ರವರಿ 22, ಶನಿವಾರ

ನರ್ಸಿಂಗ್ ಕಾಲೇಜಿನ ವಾರ್ಷಿಕೋತ್ಸವ. ಬಿಡುಗಡೆಗೆ ಮುಂಚೆ ಹೊಸ ಹಾಡನ್ನು ಅಲ್ಲಿ ಹಾಡಿ ನೋಡೋಣ ಅಂದರು. ಚರಣ ಬಂದಾಗ ಗಲಾಟೆ ನಿಂತಿತು. ಹಿಂದಿನ ಸಾಲಿನಲ್ಲಿ ಕುರ್ಚಿ ಎಳೆಯುವವರೂ ಎಳೆಯುವುದನ್ನು ಬಿಟ್ಟರು. ನನ್ನ ದನಿ ನಡುಗಲಿಲ್ಲ.

ಅಲ್ಲಿ ಇಬ್ಬರಿಗೂ ಒಂದೊಂದು ಮೈಕು, ಗುಬ್ಬಿ ತನ್ನದನ್ನು ಸೊಂಟದ ಹತ್ತಿರ ಇಳಿಸಿಕೊಂಡು ನಿಂತಿದ್ದಳು, ಭಾರ ಹೊರಲಾರದವಳ ಹಾಗೆ. ವೇದಿಕೆಯ ಮೇಲೆ ಹಾಗೆ ನಿಲ್ಲುತ್ತಾರಾ ಯಾರಾದರೂ. ನಾಳೆ ಹೇಳಬೇಕು.

ಫೆಬ್ರವರಿ 27, ಗುರುವಾರ

ಚರಣ ಕಿತ್ತುಹಾಕಿದ್ದಾರೆ.

ಹಾಡು ಉದ್ದವಾಯಿತಂತೆ. ಜನರ ಹೆಬ್ಬೆರಳಿಗೆ ಅಷ್ಟು ತಾಳ್ಮೆಯಿಲ್ಲ, ಎರಡನೆಯ ಚರಣ ಬರುವಷ್ಟರಲ್ಲಿ ಫೋನನ್ನು ಮುಂದಕ್ಕೆ ಉಜ್ಜಿರುತ್ತಾರೆ ಅಂತ ಮ್ಯಾನೇಜರು ಹೇಳಿದರು. ನಮ್ಮ ಮನೆಗೇ ಬಂದು, ನಾನು ಮಾಡಿದ ಟೀ ಕುಡಿಯುತ್ತಾ ಹೇಳಿದರು. ಮಾತು ಕೊಟ್ಟಿದ್ದಿರಲ್ಲ ಅಂದರೆ, "ಕೊಟ್ಟಿದ್ದೆನಮ್ಮ, ಯಾರು ಇಲ್ಲ ಅಂದ್ರು, ಮೂರನೇ ಹಾಡಲ್ಲಿ ನೋಡೋಣ," ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಟೀ ಲೋಟ ಕಸಿದುಕೊಳ್ಳಬೇಕು ಅನ್ನಿಸಿತು. ಇನ್ನೂ ಸ್ವಲ್ಪ ಬೇಕಾ ಅಂತ ಕೇಳಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅದಕ್ಕಿಂತ ಉರಿದದ್ದು ಗುಬ್ಬಿಯನ್ನು ನೋಡಿ. ತಲೆ ತಗ್ಗಿಸಿಕೊಂಡು ಬ್ರೆಡ್ಡು ತಿನ್ನುತ್ತಿದ್ದಳು. ಒಂದು ಮಾತು, ಒಂದೇ ಒಂದು ಮಾತು ಆಡಲಿಲ್ಲ. ಅವಳ ಮೊದಲ ಚರಣ ಉಳಿದಿದೆಯಲ್ಲ, ಅವಳಿಗೇನು. ಅಟ್ಟ ಹತ್ತಿದ ಮೇಲೆ ಏಣಿ ಒದೆಯುವ ಜಾತಿ.

ಮಾರ್ಚ್ 5, ಬುಧವಾರ

ಎಲ್ಲ ಮುಗಿಯಿತು.

ಮುಂದಿನ ವಾರ ಹಾಡಿನ ಬಿಡುಗಡೆ, ಅದಕ್ಕೆ ಇವತ್ತು ರೇಡಿಯೋದಲ್ಲಿ ನೇರ ಕಾರ್ಯಕ್ರಮ. ಮ್ಯಾನೇಜರು ಗಾಜಿನ ಆಚೆ ಕೂತಿದ್ದರು. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಚಿಕ್ಕವರಿದ್ದಾಗ ಅಕ್ಕ-ತಂಗಿ ಜಗಳ ಆಡುತ್ತಿದ್ದಿರಾ ಅಂತ ಕೇಳಿದರು. ಒಂದು ಗೊಂಬೆಗಾಗಿ ಕಿತ್ತಾಡಿದ ಕಥೆಯನ್ನು ನಾನೇ ಹೆಣೆದು ಹೇಳಿದೆ. ಹೊಸ ಹಾಡಿನಲ್ಲಿ ನಿಮಗೆ ಇಷ್ಟವಾದ ಭಾಗ ಯಾವುದು ಅಂತ ಗುಬ್ಬಿಯನ್ನು ಕೇಳಿದರು.

"ನಮ್ಮತ್ತಿಗೆ ಹಾಡಿದ ಎರಡನೇ ಚರಣ," ಅಂದಳು. "ಆದ್ರೆ ನೀವು ಅದನ್ನ ಕೇಳೋಕಾಗಲ್ಲ. ನಮ್ ಮ್ಯಾನೇಜರು ಅದನ್ನ ಕತ್ತರಿಸಿಬಿಟ್ಟಿದ್ದಾರೆ."

ರೇಡಿಯೋದವರಿಗೆ ಹಬ್ಬ. ಅತ್ತಿಗೆಯಾ, ಅಕ್ಕ ಅಲ್ವಾ ಅಂತ ಹಿಡಿದುಕೊಂಡರು. ಇವಳು ಅಲ್ಲಿಗೂ ಬಾಯಿ ಮುಚ್ಚಲಿಲ್ಲ. ಅತ್ತಿಗೆಯೇ, ನನ್ನನ್ನು ಸಾಕಿದವರು, ಹಾಡು ಕಲಿಸಿದವರೂ ಅವರೇ, ಅಕ್ಕ-ತಂಗಿ ಅನ್ನುವುದು ಬೋರ್ಡಿಗೆ ಮಾತ್ರ ಅಂದಳು. ಗಾಜಿನ ಆಚೆ ಮ್ಯಾನೇಜರ ಮುಖ ಕಪ್ಪಿಟ್ಟಿತು. ನನ್ನ ಗೊಂಬೆಯ ಕಥೆ ನಡುಬೀದಿಯಲ್ಲಿ ನಿಂತಿತು. ಮನೆಗೆ ಬರುವಷ್ಟರಲ್ಲಿ ಆ ತುಣುಕು ಎಲ್ಲರ ಫೋನಿನಲ್ಲಿತ್ತು. ನಮ್ಮ ಅಂಗಡಿಯ ಕ್ಯಾಷಿಯರು ಕೂಡ, ಗೊಂಬೆ ಯಾವ ಬಣ್ಣದ್ದು ಅಂತ ಮೆಸೇಜು ಹಾಕಿದ್ದಾಳೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಷ್ಟು ದಿನ ತಿದ್ದಿದರೂ ನಾಲಿಗೆ ತಿರುಗದ ಇವಳು ಮಾತಾಡಬೇಕಾದಾಗ ಬ್ರೆಡ್ಡು ತಿಂದಳು, ಮುಚ್ಚಿಕೊಂಡಿರಬೇಕಾದಾಗ ಊರಿಗೆಲ್ಲ ಸಾರಿದಳು. ನಿನ್ನಿಂದ ನನ್ನ ಬಾಳು ಹಾಳಾಯಿತು ಅಂದೆ. ಹಾಗನ್ನಬಾರದಿತ್ತೇನೋ. ಇವರು ಒಂದೇ ಮಾತು ಹೇಳಿದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅಂತ. ಅಣ್ಣ ಇನ್ಯಾರ ಕಡೆ ಮಾತಾಡುತ್ತಾರೆ.

ಮಾರ್ಚ್ 12, ಬುಧವಾರ

ಹಾಡಿನ ಬಿಡುಗಡೆ ನಿಂತಿತು, ಒಪ್ಪಿಕೊಂಡಿದ್ದ ಕಾರ್ಯಕ್ರಮಗಳೆಲ್ಲ ರದ್ದು. ಮ್ಯಾನೇಜರು ಇವತ್ತು ಅಂಗಡಿಗೇ ಬಂದಿದ್ದರು. ಪ್ಯಾಂಟು ಅಳತೆ ಕೊಡುವವರ ಹಾಗೆ ನನ್ನ ಮಿಷನ್ನಿನ ಪಕ್ಕ ನಿಂತು ಮಾತಾಡಿದರು. ಗುಬ್ಬಿ ಇನ್ನು ಬೇಡ. ಬೇರೆ ಒಬ್ಬ ಹುಡುಗಿಯನ್ನು ನೋಡಿದ್ದಾರೆ, ಸಂಗೀತ ಕಲಿತವಳು. ಬಣ್ಣ ಹಚ್ಚಿದ ಮೇಲೆ ಮುಖ ಯಾರಿಗೆ ನೆನಪಿರುತ್ತದೆ, ಇವಳೇ ನಿಜವಾದ ತಂಗಿ ಅನ್ನೋಣ, ನಾದಿನಿಯ ಕಥೆಯನ್ನು ಜನ ತಿಂಗಳಲ್ಲಿ ಮರೆಯುತ್ತಾರೆ ಅಂದರು. ಹಾಡನ್ನು ಹೊಸದಾಗಿ ಹಾಡಬೇಕು.

"ನೀನು ಮಾತು ಕೇಳೋಳು, ಅದಕ್ಕೇ ನಿನ್ನ ಬಿಟ್ಟಿಲ್ಲ," ಅಂದರು. "ಚರಣ ವಾಪಸ್ ಹಾಕ್ತೀನಿ. ಪೂರ್ತಿ ನಿಂದೇ."

ಯೋಚಿಸಿ ಹೇಳುತ್ತೇನೆ ಅಂದೆ. ಸುಳ್ಳು. ಆಗಲೇ ಒಪ್ಪಿಕೊಂಡಿದ್ದೆ ಮನಸ್ಸಿನಲ್ಲಿ. ಯಾಕೆ ಒಪ್ಪಬಾರದು? ತಪ್ಪು ಮಾಡಿದವಳು ಅವಳು. ನಾನು ಯಾರಿಗೂ ಏನೂ ಮಾಡಿಲ್ಲ. ಎಷ್ಟು ವರ್ಷ ಇನ್ನೊಬ್ಬರ ಹಿಂದೆ ಹೂಂ ಅನ್ನುತ್ತಾ ಇರುವುದು?

ಮನೆಯಲ್ಲಿ ಹೇಳಿದೆ. ಇವರು ನಿನ್ನಿಷ್ಟ ಅಂದು ವ್ಯಾನು ತೊಳೆಯಲು ಹೋದರು, ಬೆಳಿಗ್ಗೆ ತಾನೇ ತೊಳೆದದ್ದು. ಗುಬ್ಬಿ ಮಾತ್ರ ನನ್ನ ಮುಖ ನೋಡಿ, "ಹೋಗಿ ಅತ್ತಿಗೆ. ಅಂಥಾ ಚರಣ ಸುಮ್ನೆ ಹಾಳಾಗಬಾರದು," ಅಂದಳು. ಕುಹಕವೋ ಏನೋ ಅಂತ ಎರಡು ಸಲ ನೋಡಿದೆ. ಕುಹಕದ ಹಾಗೆ ಕಾಣಲಿಲ್ಲ, ಅದಕ್ಕೂ ಸಿಟ್ಟು ಬಂತು. ಔಷಧಿ ಅಂಗಡಿಯೊಂದರಲ್ಲಿ ಕೆಲಸ ಕೇಳಿದ್ದಾಳಂತೆ. ನನಗೆ ಹೇಳಿಯೇ ಇರಲಿಲ್ಲ.

ಮಾರ್ಚ್ 23, ಭಾನುವಾರ

ಹೊಸ ಹುಡುಗಿ ಬಂಗಾರ. ನನಗಿಂತ ಮುಂಚೆ ಬಂದು ಕೂತಿದ್ದಳು. ಅಕ್ಕ ಅಂದಳು, ಬಾಯಿತುಂಬ, ಮಾತಿಗೆ ಮುಂಚೆ ಒಂದು ಅಕ್ಕ, ಮಾತಾದ ಮೇಲೆ ಒಂದು ಅಕ್ಕ. ಟೇಪಿನ ಮೇಲೆ ಮೊಳೆ ಹೊಡೆದ ಹಾಗೆ ನಿಂತಳು. ಒಂದು ಬೆರಳು ಆಚೆಯಿಲ್ಲ, ಈಚೆಯಿಲ್ಲ. ಇಂಥವಳ ಜೊತೆ ಹಾಡಬೇಕು ಅಂತ ತಾನೇ ನಾನು ಇಷ್ಟು ದಿನ ಬಾಯಿ ಬಡಿದುಕೊಂಡದ್ದು.

ಚರಣ ಹಾಡಿದೆ. ಸ್ಪೀಕರಿನಲ್ಲಿ ಹಾಕಿದರು. ನಾನಿಲ್ಲ. ಅವಳ ಗುನುಗು ಮೇಲೆ, ನಾನು ಅದರ ಕೆಳಗೆಲ್ಲೋ. ಮತ್ತೆ ಹಾಡಿದೆ, ಗಂಟಲು ಹರಿಯುವ ಹಾಗೆ. ಊಹೂಂ. ಹುಡುಗಿಗೆ ನೀರು ಕುಡಿದು ಬರಲು ಹೇಳಿ, ಸ್ಟುಡಿಯೋದವರನ್ನು ಕೇಳಿದೆ: ಹೋದ ಸಲ ಅಷ್ಟು ಚೆನ್ನಾಗಿ ಬಂದದ್ದು ಈಗ ಯಾಕೆ ಬರುತ್ತಿಲ್ಲ, ನನ್ನ ಟೇಪನ್ನು ಎಲ್ಲಿ ಸರಿಸಿದ್ದೀರಿ, ನನ್ನ ದನಿಯನ್ನು ಸ್ವಲ್ಪ ಏರಿಸಬಾರದೇ?

ಟೇಪು ಅಲ್ಲೇ ಇದೆ ಅಂದರು. ತಲೆ ಕೆರೆದುಕೊಂಡರು. ಹೇಳಲೋ ಬೇಡವೋ ಅಂತ ಯೋಚಿಸುತ್ತಿದ್ದರು ಅಂತ ಈಗ ಅನ್ನಿಸುತ್ತದೆ.

"ಹೋದ್ಸಲ ನಿಮ್ ದನಿ ಏರಿರಲಿಲ್ಲ ಮೇಡಂ. ನಿಮ್ ನಾದಿನಿ ದನಿ ಇಳಿಸಿದ್ಲು," ಅಂದರು. "ಸೋಫಾ ಅಂಗಡಿ ಕಾರ್ಯಕ್ರಮ ಆದ ಮಾರನೇ ದಿನ ಒಬ್ಬಳೇ ಬಂದಿದ್ಲು. ಎಷ್ಟು ಹಿಂದೆ ನಿಂತ್ರೆ ಅತ್ತಿಗೆ ಕೇಳಿಸ್ತಾರೆ ಅಂತ ಇಡೀ ಮಧ್ಯಾಹ್ನ ನಿಂತು ನಿಂತು ನೋಡಿದ್ಲು. ಕೊನೆಗೆ ಬಾಗಿಲ ಹತ್ತಿರ ಸರಿಹೋಯ್ತು. ಅತ್ತಿಗೆಗೆ ಹೇಳಬೇಡಿ, ಬೇಜಾರು ಮಾಡ್ಕೋತಾರೆ ಅಂದ್ಲು. ನಿಮಗೆ ನಿಜವಾಗ್ಲೂ ಗೊತ್ತಾಗಲಿಲ್ವಾ?"

ಗೊತ್ತಾಗಲಿಲ್ಲ. ಒಂದು ಕೋಣೆ, ಒಂದು ಮೈಕು, ಎರಡು ಟೇಪು. ಅಷ್ಟೂ ದಿನ ಪಕ್ಕದಲ್ಲಿದ್ದು ಬೈದೆನಲ್ಲ, ಗೊತ್ತಾಗಲಿಲ್ಲ.

ಹುಡುಗಿ ನೀರು ಕುಡಿದು ಬಂದು ಮತ್ತೆ ಟೇಪಿನ ಮೇಲೆ ನಿಂತಳು. ಶುರು ಮಾಡೋಣವಾ ಅಕ್ಕ ಅಂದಳು. ಪಾಪ, ಅವಳದೇನು ತಪ್ಪು. ನನಗೆ ಹುಷಾರಿಲ್ಲ ಅಂತ ಹೇಳಿ ಚಪ್ಪಲಿ ಹಾಕಿಕೊಂಡೆ.

ಮಾರ್ಚ್ 24, ಸೋಮವಾರ

ಮ್ಯಾನೇಜರ ಫೋನು. ಮನೆಯಲ್ಲಿಲ್ಲ ಅನ್ನಿ ಅಂತ ಇವರಿಗೆ ಸನ್ನೆ ಮಾಡಿದೆ. ಇವರು, ಇದ್ದಾಳೆ, ಆದರೆ ಬರುವುದಿಲ್ಲ ಅಂದರು. ಫೋನಿನೊಳಗಿನಿಂದ ಬೈಗುಳ ನನಗೂ ಕೇಳಿಸಿತು. ಅಕ್ಕ-ತಂಗಿಗೆ ಅಕ್ಕನೂ ಸಿಗುತ್ತಾಳೆ, ತಂಗಿಯೂ ಸಿಗುತ್ತಾಳಂತೆ. ಸಿಗಲಿ.

ಗುಬ್ಬಿ ಔಷಧಿ ಅಂಗಡಿಯಿಂದ ಬಂದಳು. ಏನಾದರೂ ಹೇಳಬೇಕು ಅಂತ ಬೆಳಿಗ್ಗೆಯಿಂದ ಮಾತು ಕೂಡಿಸಿಕೊಂಡಿದ್ದೆ. ಹತ್ತಿರ ಹೋಗಿ ಬಾಯಿ ತೆರೆದರೆ, ಒದ್ದೆ ಟವಲನ್ನು ಹಾಸಿಗೆ ಮೇಲೆ ಹಾಕಬೇಡ ಅಂತ ನೂರು ಸಲ ಹೇಳಿದ್ದೀನಿ ಅನ್ನುವುದು ಬಂತು. ಆಯ್ತು ಅತ್ತಿಗೆ ಅಂದಳು. ಟವಲು ಇವರದು.

ಮೇ 8, ಗುರುವಾರ

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಇವತ್ತು ರೇಗಿ ಬಂದಿದ್ದೇನೆ, ಅದಕ್ಕೆ.

ಅಕ್ಕ-ತಂಗಿಯ ಹೊಸ ಹಾಡು ಬಂದಿದೆ. ನಮ್ಮದೇ ಹಾಡು, ಬೇರೆ ಇಬ್ಬರು ಹುಡುಗಿಯರು. ಅಂಗಡಿಯಲ್ಲಿ ಕ್ಯಾಷಿಯರು ದಿನಕ್ಕಿಷ್ಟು ಸಲ ಹಾಕುತ್ತಾಳೆ. ನಾನು ಮಿಷನ್ನು ಜೋರಾಗಿ ತುಳಿಯುತ್ತೇನೆ. ಇವತ್ತು ಮಧ್ಯಾಹ್ನ ನರ್ಸೊಬ್ಬರು ಕೆಲಸದ ಪ್ಯಾಂಟು ಗಿಡ್ಡ ಮಾಡಿಸಲು ಬಂದಿದ್ದರು. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಅವರ ಕಾಲ ಬುಡದಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದೆ. ಹಾಡು ಶುರುವಾಯಿತು. ಅವರು ಕ್ಯಾಷಿಯರಿಗೆ ಹೇಳತೊಡಗಿದರು, ಇದು ಸಪ್ಪೆ, ಇದೇ ಹಾಡನ್ನು ತಮ್ಮ ಕಾಲೇಜಿನಲ್ಲಿ ಮೊದಲಿದ್ದವರು ಹಾಡಿದ್ದರು, ಅದು ಹಾಡು ಅಂದರೆ ಅಂತ.

"ಅದರಲ್ಲೊಬ್ಬರದು ದಪ್ಪ ದನಿ ಇತ್ತು. ಎರಡನೇ ಚರಣ ಹಾಡಿದ್ರು ನೋಡಿ, ನಾನು ಅತ್ತೇಬಿಟ್ಟೆ," ಅಂದರು. "ಅವರೊಬ್ಬರೇ ಸಾಕಿತ್ತು. ಇನ್ನೊಬ್ಬಳು ಸುಮ್ನೆ ಮೈಕ್ ಇಳಿಬಿಟ್ಕೊಂಡು ನಿಂತಿದ್ಲು. ಅವಳು ಯಾಕೆ ಬೇಕಿತ್ತೋ."

ಕೆಳಗೆ ಕೂತವಳು ನಾನೇ ಅಂತ ಅವರಿಗೆ ಗೊತ್ತಿಲ್ಲ. ಗೊತ್ತಾಗುವುದು ಹೇಗೆ, ಕನ್ನಡಕ, ಬಾಯಿತುಂಬ ಪಿನ್ನು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ನೆತ್ತಿಗೇರಿತು. ಪಿನ್ನುಗಳನ್ನೆಲ್ಲ ಉಗಿದು ಕೈಗೆ ತೆಗೆದುಕೊಂಡೆ.

"ಒಬ್ಬರು ಹಾಡಿದ್ದಲ್ಲ ಅದು ಸಿಸ್ಟರ್," ಅಂದೆ. "ಇಬ್ಬರೂ ಹಾಡಿದ್ದು."

ದನಿ ಸ್ವಲ್ಪ ಏರಿತ್ತೇನೋ, ಕ್ಯಾಷಿಯರು ಹಾಡು ನಿಲ್ಲಿಸಿದಳು. ನರ್ಸು ಕೆಳಗೆ ಬಗ್ಗಿ ನನ್ನನ್ನು ನೋಡಿ, ಇರಬಹುದು ಅಂದರು. ಆಮೇಲೆ ಹೊಲಿದ ಹೊಲಿಗೆಯೆಲ್ಲ ಸೊಟ್ಟಗಾಗಿ ಬಿಚ್ಚಿ ಹೊಲಿಯಬೇಕಾಯಿತು. ಮನೆಗೆ ಬಂದು ಗುಬ್ಬಿಯ ಮುಂದೆ ಎಲ್ಲ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ನಗುವುದಕ್ಕೆ ಏನಿದೆ ಇದರಲ್ಲಿ. ನನಗಿನ್ನೂ ಸಿಟ್ಟು ಇಳಿದಿಲ್ಲ. ಇರಬಹುದಂತೆ.